ಸ್ಯಾಫ್ರನ್ ವಾಲ್ಡನ್ ಕಡೆ ಮನೆ ಕೊಳ್ಳಬೇಕು ಅಂದುಕೊಂಡಿದ್ದೀರಾ? ಮೊದಲು ಇದನ್ನು ಓದಿ

ಕೇಂಬ್ರಿಜ್‌ನ ಆಡನ್‌ಬ್ರೂಕ್ಸ್ ಆಸ್ಪತ್ರೆಯಲ್ಲೋ, ಹಿಂಕ್ಸ್‌ಟನ್‌ನ ಜೀನೋಮ್ ಕ್ಯಾಂಪಸ್‌ನಲ್ಲೋ, ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣದಲ್ಲೋ ನಿಮ್ಮ ಕೆಲಸ. ಎರಡು ಮೂರು ವರ್ಷ ಬಾಡಿಗೆ ಕಟ್ಟಿ ಸಾಕಾಗಿದೆ. ಒಂದು ಶನಿವಾರ ಎಸೆಕ್ಸ್‌ನ ಸ್ಯಾಫ್ರನ್ ವಾಲ್ಡನ್ ಅನ್ನುವ ಸಣ್ಣ ಊರಿಗೆ ಸುಮ್ನೆ ಸುತ್ತಾಡಲು ಹೋಗುತ್ತೀರಿ. ಸಂತೆ ನೆರೆದಿರುತ್ತದೆ. ವಾಲಿಕೊಂಡ ಹಳೇ ಮನೆಗಳು, ಕಪ್ಪು ತೊಲೆಗಳು, ದೂರದಿಂದಲೇ ಕಾಣುವ ಚರ್ಚಿನ ಗೋಪುರ. ವಾಪಸ್ ಬರುವಾಗ ಕಾರಿನಲ್ಲೇ 'ಇಲ್ಲೇ ಒಂದು ಮನೆ ತೊಗೊಂಡರೆ ಹೇಗೆ?' ಅನ್ನುವ ಮಾತು ಶುರುವಾಗುತ್ತದೆ. ಮಾರನೇ ದಿನ ನನಗೊಂದು ಮೆಸೇಜು.

ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಇದು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್‌ಲೆಂಡಿನ ಪದ್ಧತಿಯೇ ಬೇರೆ. ಇಲ್ಲಿ ಕೊಟ್ಟಿರುವ ತೆರಿಗೆ ದರಗಳು 2025ರ ಏಪ್ರಿಲ್‌ನಿಂದ ಜಾರಿಗೆ ಬಂದವು. ಬಜೆಟ್ ಬಂದಾಗೆಲ್ಲ ಒಮ್ಮೆ ಸರಿನೋಡಿಕೊಳ್ಳಿ.

ಊರಿನ ಪರಿಚಯ, ಎರಡೇ ಮಾತಿನಲ್ಲಿ

ಸ್ಯಾಫ್ರನ್ ವಾಲ್ಡನ್ ಒಂದು 'ಮಾರ್ಕೆಟ್ ಟೌನ್', ಅಂದರೆ ಹಿಂದೆ ಸಂತೆ ನಡೆಸಲು ಅಪ್ಪಣೆ ಪಡೆದಿದ್ದ ಊರು. ಪಕ್ಕದ ನ್ಯೂಪೋರ್ಟ್‌ನಲ್ಲಿ ನಡೆಯುತ್ತಿದ್ದ ಸಂತೆ 1141ರಲ್ಲಿ ಇಲ್ಲಿಗೆ ಬಂತು. ಆಗ ಊರಿನ ಹೆಸರು ಚಿಪ್ಪಿಂಗ್ ವಾಲ್ಡನ್. ಹಳೇ ಇಂಗ್ಲಿಷಿನಲ್ಲಿ 'ಚಿಪ್ಪಿಂಗ್' ಅಂದರೆ ಸಂತೆ. ನಮ್ಮ ಸಂತೆಮರಹಳ್ಳಿ, ಸಂತೇಬೆನ್ನೂರು ಇದ್ದ ಹಾಗೆ. ಆಮೇಲೆ 16 ಮತ್ತು 17ನೇ ಶತಮಾನದಲ್ಲಿ ಸುತ್ತಲಿನ ಹೊಲಗಳಲ್ಲಿ ಕೇಸರಿ ಬೆಳೆದರು. ಹೌದು, ಹಾಲಿಗೆ ಹಾಕುವ ಅದೇ ಕೇಸರಿ. ಊರಿಗೆ 'ಸ್ಯಾಫ್ರನ್' ಅಂಟಿಕೊಂಡಿದ್ದು ಹಾಗೆ. ಬೆಳೆ ಹೋಯಿತು, ಹೆಸರು ಉಳಿಯಿತು. ಸಂತೆಯೂ ಉಳಿದಿದೆ, ಮಂಗಳವಾರ ಮತ್ತು ಶನಿವಾರ.

1. ಮೊದಲು ಕಾಲಿನಿಂದ ಅಳೆಯಿರಿ

ಮನೆ ಮಾರುವ ಜಾಹೀರಾತಿನಲ್ಲಿ 'ಲಂಡನ್ ಒಂದು ಗಂಟೆ' ಅಂತ ಇರುತ್ತದೆ. ಸುಳ್ಳಲ್ಲ. ಆದರೆ ಊರಿನೊಳಗೆ ರೈಲೇ ಇಲ್ಲ. ಇದ್ದ ಕವಲು ಹಳಿಯನ್ನು 1964ರಲ್ಲಿ ಮುಚ್ಚಿದರು. ಈಗಿನ ಸ್ಟೇಷನ್ ಆಡ್ಲಿ ಎಂಡ್. ಅದು ಇರುವುದು ವೆಂಡನ್ಸ್ ಆಂಬೋ ಅನ್ನುವ ಹಳ್ಳಿಯಲ್ಲಿ, ಊರಿನಿಂದ ಎರಡು ಮೈಲಿ ಆಚೆ. ಅಲ್ಲಿಂದ ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ ಒಂದು ಗಂಟೆ, ಕೇಂಬ್ರಿಜ್ ಇಪ್ಪತ್ತು ನಿಮಿಷದ ಆಸುಪಾಸು. ಮನೆಯಿಂದ ಸ್ಟೇಷನ್‌ಗೆ ಹೋಗುವುದು ಹೇಗೆ ಅನ್ನುವುದೇ ಪ್ರಶ್ನೆ. ಬಸ್ಸೋ, ಸೈಕಲ್ಲೋ, ಎರಡನೇ ಕಾರೋ? ಪಾರ್ಕಿಂಗ್‌ಗೆ ವರ್ಷಕ್ಕೆ ಎಷ್ಟು ಬೀಳುತ್ತದೆ? ಇದೆಲ್ಲ ಸೇರಿಸಿ ಲೆಕ್ಕ ಹಾಕಿ.

ನವೆಂಬರ್ ತಿಂಗಳ ಒಂದು ಮಂಗಳವಾರ, ಸಂಜೆ ಐದಕ್ಕೆ, ಮಳೆಯಲ್ಲಿ ಆ ದಾರಿಯನ್ನು ಒಮ್ಮೆ ಮಾಡಿ ನೋಡಿ. ಜೂನ್ ತಿಂಗಳ ಶನಿವಾರ ನೋಡಿ ಮನೆ ಕೊಂಡವರು ಬಹಳ ಜನ. ಜೂನ್‌ನಲ್ಲಿ ಇಂಗ್ಲೆಂಡಿನ ಯಾವ ಊರಾದರೂ ಚೆಂದವೇ.

ಹಳ್ಳಿಗಳ ವಿಷಯ. ಗ್ರೇಟ್ ಚೆಸ್ಟರ್‌ಫರ್ಡ್ ಮತ್ತು ನ್ಯೂಪೋರ್ಟ್‌ನಲ್ಲಿ ಸ್ವಂತ ಸ್ಟೇಷನ್ ಇದೆ. ಥ್ಯಾಕ್ಸ್‌ಟೆಡ್, ಆಶ್ಡನ್, ರ‍್ಯಾಡ್‌ವಿಂಟರ್ ಕಡೆ ಇಲ್ಲ. ಅಲ್ಲಿ ಇಬ್ಬರು ಕೆಲಸಕ್ಕೆ ಹೋಗುವವರಿದ್ದರೆ ಎರಡು ಕಾರು ಬೇಕಾಗುತ್ತದೆ. ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆ ಬಂದಾಗ ಏನು ಮಾಡುತ್ತಾರೆ ಅನ್ನುವುದನ್ನೂ ಯೋಚಿಸಿ. ಡ್ರೈವಿಂಗ್ ಬರದವರಿಗೆ ಹಳ್ಳಿ ಮನೆ ಚಂದದ ಜೈಲು. ಸಂತೆ ಬೀದಿಗೆ ನಡೆದು ಹೋಗುವಷ್ಟು ದೂರದಲ್ಲಿದ್ದರೆ ಅವರಿಗೆ ಒಂದಿಷ್ಟು ಜನ ಕಾಣುತ್ತಾರೆ, ತರಕಾರಿ ನೋಡಿ ತರುತ್ತಾರೆ.

ಮಕ್ಕಳಿದ್ದರೆ ಶಾಲೆಯ ಪ್ರವೇಶ ನಿಯಮವನ್ನು ಕೌನ್ಸಿಲ್ (ಸ್ಥಳೀಯ ಆಡಳಿತ) ಪುಟದಲ್ಲೇ ಓದಿ, ಮಾರಾಟದ ಏಜೆಂಟ್ ಮಾತು ನಂಬಬೇಡಿ. ಅರ್ಜಿ ಹಾಕಲು ಕೊನೇ ದಿನ ಸೆಕೆಂಡರಿಗೆ ಅಕ್ಟೋಬರ್ 31, ಪ್ರೈಮರಿಗೆ ಜನವರಿ 15.

2. ನಮ್ಮ ಊರಿನ, ಅಂದರೆ ಭಾರತದ ಆಸ್ತಿಯ ಲೆಕ್ಕ ತೆಗೆಯಿರಿ

ನಮ್ಮವರು ಎಡವುವುದು ಇಲ್ಲೇ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಇಲ್ಲಿ ಮನೆ ಕೊಳ್ಳುವಾಗ ಸರ್ಕಾರಕ್ಕೆ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಬೆಲೆಯ ಮೊದಲ 1,25,000 ಪೌಂಡ್‌ಗೆ ಏನೂ ಇಲ್ಲ. ಅಲ್ಲಿಂದ 2,50,000ದವರೆಗಿನ ಭಾಗಕ್ಕೆ ಶೇ 2. ಅಲ್ಲಿಂದ 9,25,000ದವರೆಗಿನ ಭಾಗಕ್ಕೆ ಶೇ 5. ಮೊದಲ ಮನೆ ಕೊಳ್ಳುವವರಿಗೆ ರಿಯಾಯಿತಿ ಇದೆ: 3 ಲಕ್ಷದವರೆಗೆ ಸೊನ್ನೆ, ಅಲ್ಲಿಂದ 5 ಲಕ್ಷದವರೆಗಿನ ಭಾಗಕ್ಕೆ ಶೇ 5. ಮನೆಯ ಬೆಲೆ 5 ಲಕ್ಷ ದಾಟಿದರೆ ಈ ರಿಯಾಯಿತಿ ಪೂರ್ತಿ ಹೋಗುತ್ತದೆ.

'ಇಂಗ್ಲೆಂಡಿನಲ್ಲಿ ನಮಗಿದು ಮೊದಲ ಮನೆ, ಹಾಗಾದರೆ ರಿಯಾಯಿತಿ ಸಿಗುತ್ತೆ' ಅಂದುಕೊಳ್ಳಬೇಡಿ. ಮೊದಲ ಮನೆ ಅಂದರೆ ಪ್ರಪಂಚದಲ್ಲೇ ಮೊದಲ ಮನೆ. ಬೆಂಗಳೂರಿನಲ್ಲಿ ಹತ್ತು ವರ್ಷದ ಹಿಂದೆ ಕೊಂಡು ಮಾರಿದ ಫ್ಲ್ಯಾಟ್ ಕೂಡ ಲೆಕ್ಕಕ್ಕೆ ಬರುತ್ತದೆ. ಅಪ್ಪನಿಂದ ಬಂದ ಮನೆಯಲ್ಲಿ ಪಾಲಿದ್ದರೆ ಅದೂ ಬರುತ್ತದೆ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಕೊಂಡರೆ ಇಬ್ಬರಿಗೂ ಅದು ಮೊದಲ ಮನೆಯಾಗಿರಬೇಕು.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಈಗಲೂ ನಿಮ್ಮ ಹೆಸರಲ್ಲಿ ಬೇರೆ ಮನೆ ಇದ್ದರೆ, ಇಲ್ಲಿ ಕೊಳ್ಳುವುದು 'ಹೆಚ್ಚುವರಿ ಮನೆ' ಆಗುತ್ತದೆ. ಆಗ ಇಡೀ ಬೆಲೆಯ ಮೇಲೆ ಇನ್ನೂ ಶೇ 5. 2024ರ ಅಕ್ಟೋಬರ್ 31ರಿಂದ ದರ ಇಷ್ಟಾಗಿದೆ. ಆ ಇನ್ನೊಂದು ಮನೆ ಮೈಸೂರಿನಲ್ಲಿದ್ದರೂ ಅಷ್ಟೇ. ನಿಮ್ಮ ಪಾಲಿನ ಬೆಲೆ 40,000 ಪೌಂಡ್, ಅಂದರೆ ಅರ್ಧ ಕೋಟಿ ರೂಪಾಯಿಯ ಆಸುಪಾಸು ಮುಟ್ಟಿದರೆ ಲೆಕ್ಕಕ್ಕೆ ಬಂತು. 'ಫ್ಲ್ಯಾಟು ಇರೋದು ಹೆಂಡತಿ ಹೆಸರಲ್ಲಿ, ಇಲ್ಲಿ ನನ್ನ ಹೆಸರಲ್ಲಿ ತೊಗೋತೀನಿ' ಅನ್ನುವ ಉಪಾಯವೂ ನಡೆಯದು. ಈ ಶೇ 5ಕ್ಕೆ ಗಂಡ ಹೆಂಡತಿ ಒಂದೇ ಲೆಕ್ಕ.

4 ಲಕ್ಷ ಪೌಂಡ್‌ನ ಮನೆಯನ್ನೇ ತೆಗೆದುಕೊಳ್ಳಿ. ಪ್ರಪಂಚದಲ್ಲೇ ಮೊದಲ ಮನೆಯಾದರೆ ತೆರಿಗೆ 5,000 ಪೌಂಡ್. ಮೊದಲನೆಯದಲ್ಲ, ಆದರೆ ಈಗ ಬೇರೆ ಮನೆ ಇಲ್ಲ ಅಂದರೆ 10,000. ಬೆಂಗಳೂರಿನ ಫ್ಲ್ಯಾಟ್ ಇನ್ನೂ ಕೈಯಲ್ಲಿದ್ದರೆ 30,000.

ಒಂದೆರಡು ಸಮಾಧಾನದ ವಿಷಯವೂ ಇದೆ. ಲೆಕ್ಕಕ್ಕೆ ಬರುವುದು ವಾಸದ ಮನೆ ಮಾತ್ರ. ಖಾಲಿ ಸೈಟು, ಅಡಿಕೆ ತೋಟ, ಹೊಲ ಬರುವುದಿಲ್ಲ. ಪಿತ್ರಾರ್ಜಿತವಾಗಿ ಬಂದು ಮೂರು ವರ್ಷ ಆಗಿರದ, ಅರ್ಧಕ್ಕಿಂತ ಹೆಚ್ಚಿಲ್ಲದ ಪಾಲನ್ನು ಈ ಶೇ 5ರ ಲೆಕ್ಕದಿಂದ ಬಿಡುತ್ತಾರೆ. ಹಳೇ ಕೂಡುಕುಟುಂಬದ ಮನೆ, ವಿಭಾಗವಾಗದ ಆಸ್ತಿ ಇದ್ದರೆ ಕಾಗದಪತ್ರ ತೆಗೆದು ಸಾಲಿಸಿಟರ್‌ಗೆ (ಖರೀದಿ ನೋಡಿಕೊಳ್ಳುವ ವಕೀಲರಿಗೆ) ಮೊದಲ ಭೇಟಿಯಲ್ಲೇ ತೋರಿಸಿ. ಮುಚ್ಚಿಡಬೇಡಿ. ಆಮೇಲೆ ಗೊತ್ತಾದರೆ ತೆರಿಗೆಯ ಜೊತೆ ದಂಡ, ಬಡ್ಡಿ ಎರಡೂ ಬೀಳುತ್ತವೆ.

ಹೊಸದಾಗಿ ಬಂದವರು ಗಮನಿಸಿ: ಖರೀದಿಗೆ ಹಿಂದಿನ 12 ತಿಂಗಳಲ್ಲಿ 183 ದಿನವಾದರೂ ಬ್ರಿಟನ್‌ನಲ್ಲಿ ಇದ್ದಿರಬೇಕು. ಇಲ್ಲದಿದ್ದರೆ ಮತ್ತೆ ಶೇ 2 ಜಾಸ್ತಿ.

ಲೈಫ್‌ಟೈಮ್ ಐಸಾ ಅನ್ನುವ ಉಳಿತಾಯ ಖಾತೆಗೂ ಇದೇ 'ಪ್ರಪಂಚದಲ್ಲೇ ಮೊದಲ ಮನೆ' ಷರತ್ತು. 18ರಿಂದ 39 ವಯಸ್ಸಿನೊಳಗೆ ತೆರೆಯಬೇಕು, ವರ್ಷಕ್ಕೆ 4,000 ಪೌಂಡ್‌ವರೆಗೆ ಹಾಕಬಹುದು, ಸರ್ಕಾರ ಶೇ 25 ಸೇರಿಸುತ್ತದೆ. ಮನೆಯ ಬೆಲೆ 4,50,000 ದಾಟಬಾರದು. ಈ ಭಾಗದಲ್ಲಿ ಮೂರು ಬೆಡ್‌ರೂಮಿನ ಮನೆ ನೋಡುವವರಿಗೆ ಆ ಮಿತಿ ಬಹಳ ಬೇಗ ತಾಗುತ್ತದೆ. ದಾಟಿದ ಮೇಲೆ ಹಣ ತೆಗೆದರೆ ನಿಮ್ಮ ಗಂಟಿನಲ್ಲೂ ಸ್ವಲ್ಪ ಕಡಿತವಾಗುತ್ತದೆ.

3. ಸಾಲ, ಮತ್ತು ಊರಿನಿಂದ ಬರುವ ಹಣ

ಇಲ್ಲಿ ಮನೆ ಕೊಳ್ಳಲು ಬ್ರಿಟನ್ ಪೌರತ್ವ ಬೇಕಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದವರಿಗೂ ಸಾಲ ಕೊಡುವ ಬ್ಯಾಂಕುಗಳಿವೆ. ಆದರೆ ಒಂದೊಂದು ಬ್ಯಾಂಕಿಗೆ ಒಂದೊಂದು ಷರತ್ತು. ಕೆಲವರು ಹೆಚ್ಚು ಡೆಪಾಸಿಟ್ ಕೇಳುತ್ತಾರೆ, ಕೆಲವರು ವೀಸಾದಲ್ಲಿ ಇಷ್ಟು ಅವಧಿ ಉಳಿದಿರಬೇಕು ಅನ್ನುತ್ತಾರೆ. ಡೆಪಾಸಿಟ್ ಅಂದರೆ ಸಾಲ ಬಿಟ್ಟು ನೀವು ಕೈಯಿಂದ ಹಾಕುವ ಹಣ. ಸಾಲದ ಮೊತ್ತ ಸಾಮಾನ್ಯವಾಗಿ ವರ್ಷದ ಸಂಬಳದ ನಾಲ್ಕು, ನಾಲ್ಕೂವರೆ ಪಟ್ಟು. ಹಲವು ಬ್ಯಾಂಕುಗಳನ್ನು ನೋಡಿ ಹೇಳುವ ಮಾರ್ಟ್‌ಗೇಜ್ ಬ್ರೋಕರ್ ಹಿಡಿಯುವುದು ವೀಸಾದವರಿಗೆ ನಿಜಕ್ಕೂ ಉಪಯೋಗ.

ಮನೆ ನೋಡುವ ಮೊದಲೇ 'ಅಗ್ರಿಮೆಂಟ್ ಇನ್ ಪ್ರಿನ್ಸಿಪಲ್' ತೆಗೆದುಕೊಳ್ಳಿ. ನಿಮಗೆ ಸುಮಾರು ಇಷ್ಟು ಸಾಲ ಸಿಗಬಹುದು ಅನ್ನುವ ಬ್ಯಾಂಕಿನ ಕಾಗದ ಅದು. ಭರವಸೆ ಅಲ್ಲ, ಆದರೆ ಇದಿಲ್ಲದೆ ಏಜೆಂಟ್ ನಿಮ್ಮನ್ನು ಗಂಭೀರವಾಗಿ ನೋಡುವುದಿಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ: ಭಾರತದ ಪ್ರಜೆಗಳು ಕಾಮನ್‌ವೆಲ್ತ್‌ನವರಾದ್ದರಿಂದ, ಸರಿಯಾದ ವೀಸಾದಲ್ಲಿ ಇಲ್ಲಿ ವಾಸವಿದ್ದರೆ ಮತದಾರರ ಪಟ್ಟಿಗೆ ಸೇರಬಹುದು, ಮತವನ್ನೂ ಹಾಕಬಹುದು. ಬ್ಯಾಂಕುಗಳು ವಿಳಾಸ ಪರೀಕ್ಷಿಸುವುದು ಆ ಪಟ್ಟಿಯಿಂದಲೇ. ಹೆಸರು ಸೇರಿಸಲು ಐದು ನಿಮಿಷ ಸಾಕು, ಇವತ್ತೇ ಮಾಡಿ.

ಊರಿನಿಂದ ಹಣ ತರಿಸುವವರು ಆರು ತಿಂಗಳು ಮೊದಲೇ ಶುರುಮಾಡಿ. ಭಾರತದಲ್ಲಿರುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಹೀಗೆ ಉಡುಗೊರೆಯಾಗಿ ಕಳಿಸುವಾಗ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಬ್ಯಾಂಕು ಶೇ 20 ಟಿಸಿಎಸ್, ಅಂದರೆ ಮೊದಲೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತದೆ. ಅದು ಮುಳುಗುವ ಹಣವಲ್ಲ, ಕಳಿಸಿದವರು ತಮ್ಮ ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ವಾಪಸ್ ಪಡೆಯಬಹುದು. ಆದರೆ ಅಲ್ಲಿಯವರೆಗೆ ಆ ಹಣ ಕೈಯಲ್ಲಿರುವುದಿಲ್ಲ ಅಲ್ವಾ?

ಇತ್ತ ಸಾಲಿಸಿಟರ್ ಪ್ರತಿ ದೊಡ್ಡ ಮೊತ್ತಕ್ಕೂ ಮೂಲ ಕೇಳುತ್ತಾರೆ. ಅಪ್ಪ ಕಳಿಸಿದರು ಅಂದರೆ ಅಪ್ಪನಿಗೆ ಎಲ್ಲಿಂದ ಬಂತು? ಸೈಟ್ ಮಾರಿದ್ದಾದರೆ ಕ್ರಯಪತ್ರ, ಪಿಎಫ್ ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್. ಕನ್ನಡದ ಕ್ರಯಪತ್ರಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿಟ್ಟುಕೊಳ್ಳಿ. ಜೊತೆಗೆ 'ಇದು ಉಡುಗೊರೆ, ಸಾಲ ಅಲ್ಲ, ಮನೆಯಲ್ಲಿ ನಮಗೆ ಹಕ್ಕಿಲ್ಲ' ಎಂದು ಬರೆದು ಸಹಿ ಹಾಕಿದ ಪತ್ರ ಬೇಕು. ಸೈಟ್ ಮಾರಿದ್ದರಲ್ಲಿ ಅರ್ಧ ನಗದಾಗಿ ಬಂದಿದ್ದರೆ ಆ ಅರ್ಧವನ್ನು ಇಲ್ಲಿ ಮರೆತುಬಿಡಿ.

4. ಎಂಥ ಮನೆ?

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಮೊದಲ ಸಲ ಕೊಳ್ಳುವವರು ಊರ ನಡುವಿನ ತೊಲೆ ಮನೆಯ ಆಸೆ ಬಿಡಿ. ಸಂತೆ ಬೀದಿಯಿಂದ ಹದಿನೈದು ಇಪ್ಪತ್ತು ನಿಮಿಷ ನಡೆಯುವ ದೂರದಲ್ಲಿ 1930ರಿಂದ 1970ರ ನಡುವೆ ಕಟ್ಟಿದ ಸೆಮಿ ನೋಡಿ. ಒಂದು ಗೋಡೆ ಮಾತ್ರ ಪಕ್ಕದ ಮನೆಯದು, ಮುಂದೆ ಕಾರಿಗೆ ಜಾಗ, ಹಿಂದೆ ತೋಟ. ಫೋಟೋದಲ್ಲಿ ಚೆಂದ ಕಾಣುವುದಿಲ್ಲ. ಬದುಕಲು ಸುಖ. ಹಳೇ ಬೀದಿಗಳ ಸೊಗಸನ್ನು ನಡೆದು ಹೋಗಿ ನೋಡಿದರಾಯಿತು. ಚರ್ಚ್ ಸ್ಟ್ರೀಟಿನ ಓಲ್ಡ್ ಸನ್ ಇನ್ ಗೋಡೆಯ ಮೇಲಿನ ಗಾರೆ ಚಿತ್ತಾರ ನೋಡಲು ದುಡ್ಡೇನೂ ಕೊಡಬೇಕಿಲ್ಲ.

ಇಷ್ಟು ಹೇಳಿದರೂ ಹಳೇ ಮನೆಯೇ ಬೇಕು ಅನ್ನುವವರು ಇರುತ್ತಾರೆ. ಅವರಿಗೆ ಕೆಲವು ಮಾತು.

ಇಂಥ ಮನೆಗಳಲ್ಲಿ ಬಹಳಷ್ಟು 'ಲಿಸ್ಟೆಡ್'. ಅಂದರೆ ಸರ್ಕಾರ ಚರಿತ್ರೆಯ ಆಸ್ತಿಯೆಂದು ಪಟ್ಟಿ ಮಾಡಿದ ಕಟ್ಟಡ. ಒಂದನೇ ದರ್ಜೆ, ಎರಡನೇ ದರ್ಜೆ ಸ್ಟಾರ್, ಎರಡನೇ ದರ್ಜೆ ಎಂದು ಮೂರು ಬಗೆ. ಹೆಚ್ಚಿನವು ಎರಡನೇ ದರ್ಜೆಯವು. ದರ್ಜೆ ಯಾವುದಾದರೂ ರಕ್ಷಣೆ ಹೊರಗೋಡೆಗೆ ಮಾತ್ರವಲ್ಲ, ಒಳಗಿನ ಮೆಟ್ಟಿಲು, ಬಾಗಿಲು, ಒಲೆಗೂಡಿಗೂ ಇರುತ್ತದೆ. ಕಟ್ಟಡದ ಸ್ವರೂಪ ಬದಲಿಸುವ ಏನೇ ಮಾಡಲೂ ಕೌನ್ಸಿಲ್ ಒಪ್ಪಿಗೆ ಬೇಕು. ಸ್ಯಾಫ್ರನ್ ವಾಲ್ಡನ್‌ಗೆ ಈಗ ಅದು ಅಟಲ್ಸ್‌ಫರ್ಡ್ ಡಿಸ್ಟ್ರಿಕ್ಟ್ ಕೌನ್ಸಿಲ್. ಒಪ್ಪಿಗೆ ಇಲ್ಲದೆ ಮಾಡಿದರೆ ಅದು ಕ್ರಿಮಿನಲ್ ಅಪರಾಧ. ಬರೀ ದಂಡ ಕಟ್ಟಿ ಅಕ್ರಮ ಸಕ್ರಮ ಮಾಡಿಸಿಕೊಳ್ಳುವ ದಾರಿ ಇಲ್ಲ.

ನಮ್ಮ ಅಡುಗೆಮನೆಗೆ ಇದು ಹೇಗೆ ತಟ್ಟುತ್ತದೆ ನೋಡಿ. ಒಗ್ಗರಣೆ ಹೊಗೆ ಹೊರಗೆ ಹೋಗಲು ಗೋಡೆಗೆ ತೂತು ಕೊರೆದು ಚಿಮಣಿ ಕೂರಿಸುತ್ತೇವೆ. ಲಿಸ್ಟೆಡ್ ಮನೆಯಲ್ಲಿ ಆ ತೂತಿಗೂ ಅರ್ಜಿ. ಡಬಲ್ ಗಾಜಿನ ಕಿಟಕಿ, ಸೋಲಾರ್, ಎಲ್ಲಕ್ಕೂ ಅರ್ಜಿ. ವಾಸ್ತು ನೋಡುವವರು ಬಾಗಿಲು ಸರಿಸುವ ಯೋಚನೆಯನ್ನು ಊರಲ್ಲೇ ಬಿಟ್ಟು ಬನ್ನಿ.

ಇನ್ನೂ ದೊಡ್ಡ ಅಪಾಯ ಎಂದರೆ ಹಿಂದಿನವರ ತಪ್ಪು. ಅವರು ಒಪ್ಪಿಗೆ ಇಲ್ಲದೆ ಒಂದು ಗೋಡೆ ಒಡೆದಿದ್ದರೆ, ಅದನ್ನು ಸರಿಪಡಿಸಿ ಅನ್ನುವ ನೋಟಿಸು ಈಗಿನ ಮಾಲೀಕರಿಗೇ ಬರುತ್ತದೆ. ಅದಕ್ಕೆ ಇಷ್ಟೇ ವರ್ಷ ಅನ್ನುವ ಮಿತಿಯೂ ಇಲ್ಲ. ಮನೆ ಪಟ್ಟಿಯಲ್ಲಿದೆಯೇ ಅನ್ನುವುದನ್ನು ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು. ಕಣ್ಣಿಗೆ ಕಾಣುವ ಪ್ರತಿ ಬದಲಾವಣೆಗೂ ಒಪ್ಪಿಗೆ ಪತ್ರ ಕೇಳಿ.

'ಕಾನ್ಸರ್ವೇಷನ್ ಏರಿಯಾ' ಇದಕ್ಕಿಂತ ಹಗುರ. ಇಡೀ ಬೀದಿಯ ಅಂದ ಕಾಯುವ ನಿಯಮ ಅದು. ಅಲ್ಲಿ ಸ್ವಂತ ತೋಟದ ಮರ ಕಡಿಯಲೂ ಆರು ವಾರ ಮೊದಲೇ ಕೌನ್ಸಿಲ್‌ಗೆ ತಿಳಿಸಬೇಕು.

ಊರ ಹೊರಗಿನ ಹೊಸ ಬಡಾವಣೆಗಳಲ್ಲಿ ಬೇರೆ ತೊಂದರೆ. ರಸ್ತೆ, ಪಾರ್ಕುಗಳನ್ನು ಕೌನ್ಸಿಲ್ ವಹಿಸಿಕೊಂಡಿರದಿದ್ದರೆ ಖಾಸಗಿ ಕಂಪನಿಗೆ ವರ್ಷವರ್ಷ ನಿರ್ವಹಣೆ ಶುಲ್ಕ ಕಟ್ಟಬೇಕು. ಎಷ್ಟು, ಪ್ರತಿ ವರ್ಷ ಎಷ್ಟು ಏರಬಹುದು ಅನ್ನುವುದನ್ನು ಬರಹದಲ್ಲಿ ಕೇಳಿ.

ಫ್ಲ್ಯಾಟುಗಳು ಸಾಮಾನ್ಯವಾಗಿ 'ಲೀಸ್‌ಹೋಲ್ಡ್'. ಮನೆ ನಿಮ್ಮದಲ್ಲ, ಇಷ್ಟು ವರ್ಷ ಅನುಭವಿಸುವ ಹಕ್ಕು ಮಾತ್ರ. 80 ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಬ್ಯಾಂಕುಗಳು ಹಿಂದೇಟು ಹಾಕುತ್ತವೆ. 'ಫ್ರೀಹೋಲ್ಡ್' ಅಂದರೆ ನೆಲ, ಮನೆ ಎರಡೂ ನಿಮ್ಮದು. ಹಳೇ ಬೀದಿಗಳಲ್ಲಿ ಇದರದೇ ಒಂದು ವಿಚಿತ್ರ ರೂಪ ಸಿಗುತ್ತದೆ: ನಿಮ್ಮ ಮಲಗುವ ಕೋಣೆ ಪಕ್ಕದವರ ಓಣಿಯ ಮೇಲೆ ಚಾಚಿಕೊಂಡಿರುತ್ತದೆ. ಅದಕ್ಕೆ 'ಫ್ಲೈಯಿಂಗ್ ಫ್ರೀಹೋಲ್ಡ್' ಎನ್ನುತ್ತಾರೆ. ಕೆಲವು ಬ್ಯಾಂಕುಗಳು ಅಂಥ ಮನೆಗೆ ಸಾಲ ಕೊಡುವುದಿಲ್ಲ.

5. ನೋಡಲು ಹೋದಾಗ

ಇಲ್ಲಿ ಚದರಡಿ ಲೆಕ್ಕದಲ್ಲಿ ಮಾತಾಡುವವರು ಕಡಿಮೆ. 'ಮೂರು ಬೆಡ್‌ರೂಮು' ಅನ್ನುತ್ತಾರೆ, ಮೂರನೆಯದು ನಮ್ಮ ದೇವರ ಮನೆಯಷ್ಟಿರುತ್ತದೆ. ನೆಲದ ನಕ್ಷೆ ಕೇಳಿ, ಅಳತೆ ನೋಡಿ. ಏಜೆಂಟ್‌ಗೆ ಕಮಿಷನ್ ಕೊಡುವವರು ಮಾರುವವರು. ಆದ್ದರಿಂದ ನಿಮ್ಮ ಗರಿಷ್ಠ ಬಜೆಟ್ ಅವರಿಗೆ ಹೇಳಬೇಡಿ. ಆ ಬೀದಿಯಲ್ಲಿ ಹಿಂದೆ ಎಷ್ಟಕ್ಕೆ ಮಾರಾಟವಾಗಿದೆ ಅನ್ನುವುದು ಲ್ಯಾಂಡ್ ರಿಜಿಸ್ಟ್ರಿ ದಾಖಲೆಯಲ್ಲಿದೆ, ಯಾರು ಬೇಕಾದರೂ ನೋಡಬಹುದು.

ಹಳ್ಳಿಗಳಲ್ಲಿ ಗ್ಯಾಸ್ ಕೊಳವೆ ಇಲ್ಲದಿರಬಹುದು. ಆಗ ಮನೆ ಬಿಸಿ ಮಾಡುವುದು ಎಣ್ಣೆಯಿಂದ. ತೋಟದಲ್ಲಿ ಟ್ಯಾಂಕ್ ಇರುತ್ತದೆ, ಲಾರಿಯಲ್ಲಿ ತರಿಸಬೇಕು, ಒಮ್ಮೆಗೆ ನೂರಾರು ಲೀಟರ್. ಒಳಚರಂಡಿಯೂ ಇಲ್ಲದಿರಬಹುದು. ಸೆಪ್ಟಿಕ್ ಟ್ಯಾಂಕಿನ ನೀರು ನೇರವಾಗಿ ಹಳ್ಳಕ್ಕೆ ಹೋಗುವ ವ್ಯವಸ್ಥೆಗೆ 2020ರಿಂದ ಅವಕಾಶವಿಲ್ಲ. ಬದಲಿಸುವ ಖರ್ಚು ಸಾವಿರಾರು ಪೌಂಡ್. ಅದನ್ನು ಬೆಲೆಯಲ್ಲೇ ಇಳಿಸಿಕೊಳ್ಳಿ.

ಹುಲ್ಲಿನ ಮಾಡಿನ ಮನೆಗೆ ವಿಮೆ ದುಬಾರಿ, ಮಾಡಿನ ನೆತ್ತಿಯನ್ನು ಹತ್ತು ಹದಿನೈದು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಿಸಬೇಕು. ಅಂಥದ್ದೊಂದನ್ನು ನೋಡಲು ಹೋಗಿ ನನ್ನ ಹಣೆಗೆ ತೊಲೆ ಬಡಿದು ಬುಗುಟು ಬಂದಿತ್ತು. ಅದರ ಜೊತೆಗೆ ಆಸೆಯೂ ಇಳಿಯಿತು.

ಸರ್ಕಾರದ ಜಾಲತಾಣದಲ್ಲಿ ನೆರೆಯ ಅಪಾಯ ನೋಡಿ. ಲಿಟಲ್‌ಬರಿ, ಗ್ರೇಟ್ ಚೆಸ್ಟರ್‌ಫರ್ಡ್ ಕಡೆ ಕ್ಯಾಮ್ ನದಿ ಹರಿಯುತ್ತದೆ. ಸ್ಟಾನ್‌ಸ್ಟೆಡ್‌ನ ವಿಮಾನಗಳ ಸದ್ದು ಎಲ್ಲ ಹಳ್ಳಿಗೂ ಒಂದೇ ಸಮ ಇರುವುದಿಲ್ಲ, ತೋಟದಲ್ಲಿ ಅರ್ಧ ಗಂಟೆ ನಿಂತು ಕೇಳಿ. ಇಪಿಸಿ ಅನ್ನುವ ಇಂಧನ ಪ್ರಮಾಣಪತ್ರ 'ಎ'ಯಿಂದ 'ಜಿ'ವರೆಗೆ ಅಂಕ ಕೊಡುತ್ತದೆ, 'ಎ' ಅಂದರೆ ಉತ್ತಮ. ಇದು ಸೀಮೆಸುಣ್ಣದ ನೆಲ, ನೀರು ಗಡಸು. ಬೇಳೆ ಬೇಯಲು ಇನ್ನೆರಡು ಸೀಟಿ ಕೂಗಿಸಬೇಕಾಗುತ್ತದೆ.

6. ಆಫರ್ ಒಪ್ಪಿದರು. ಮನೆ ಇನ್ನೂ ನಿಮ್ಮದಲ್ಲ

ನಮ್ಮಲ್ಲಿ ಅಡ್ವಾನ್ಸ್ ಕೊಟ್ಟು ಕರಾರು ಮಾಡಿಕೊಂಡರೆ ಒಂದು ಹಿಡಿತ ಬರುತ್ತದೆ. ಇಲ್ಲಿ ಹಾಗಲ್ಲ. ಮಾರುವವರು ನಿಮ್ಮ ಬೆಲೆಗೆ 'ಹೂಂ' ಅಂದ ಮೇಲೂ ಮೂರು ನಾಲ್ಕು ತಿಂಗಳು ಯಾರಿಗೂ ಯಾವ ಕಟ್ಟುಪಾಡೂ ಇಲ್ಲ. ಬೇರೆಯವರು ಜಾಸ್ತಿ ಕೊಡುತ್ತೇವೆ ಅಂದರೆ ಅವರು ಆ ಕಡೆ ತಿರುಗಬಹುದು. ಇದಕ್ಕೆ 'ಗಜಂಪಿಂಗ್' ಅಂತ ಹೆಸರೇ ಇದೆ. ನೀವೂ ಬಿಟ್ಟು ಹೋಗಬಹುದು. ಆಫರ್ ಒಪ್ಪಿದ ದಿನವೇ ಮನೆಯನ್ನು ಮಾರಾಟದ ಪಟ್ಟಿಯಿಂದ ತೆಗೆಯಿರಿ ಅಂತ ಷರತ್ತು ಹಾಕಿ.

ಇನ್ನೊಂದು ಪದ 'ಚೈನ್'. ನಿಮಗೆ ಮಾರುವವರು ಇನ್ನೊಂದು ಮನೆ ಕೊಳ್ಳುತ್ತಿರುತ್ತಾರೆ, ಅವರಿಗೆ ಮಾರುವವರು ಮತ್ತೊಂದು. ಎಲ್ಲರ ವ್ಯವಹಾರವೂ ಒಂದೇ ದಿನ ಮುಗಿಯಬೇಕು. ಒಬ್ಬರು ಕೈಕೊಟ್ಟರೆ ಸಾಲಿಗೆ ಸಾಲೇ ಬೀಳುತ್ತದೆ. ನಮ್ಮ ಮೊದಲ ಖರೀದಿ ಹೀಗೇ ಬಿತ್ತು, ಮೂರು ಮನೆ ಆಚೆ ಯಾರೋ ಮನಸ್ಸು ಬದಲಿಸಿದ್ದರು. ಅವರ ಮುಖವನ್ನೂ ನಾವು ನೋಡಿಲ್ಲ. ಆದರೆ ಸರ್ವೇಗೆ, ಸಾಲಿಸಿಟರ್‌ಗೆ ಕೊಟ್ಟ ಹಣ ನಮ್ಮದೇ ಹೋಯಿತು. ನಿಮಗೆ ಮಾರಲು ಬೇರೆ ಮನೆ ಇಲ್ಲದಿದ್ದರೆ ಅದೇ ನಿಮ್ಮ ಬಲ. ಚೌಕಾಸಿ ಮಾಡುವಾಗ ಅದನ್ನು ಜೋರಾಗಿ ಹೇಳಿ.

7. ಸರ್ವೇ

ಬ್ಯಾಂಕಿನ ವ್ಯಾಲ್ಯುಯೇಷನ್ ಸರ್ವೇ ಅಲ್ಲ. ಕೊಟ್ಟ ಸಾಲಕ್ಕೆ ಮನೆ ಬಾಳುತ್ತದೆಯೇ ಅಂತ ಬ್ಯಾಂಕು ತನಗಾಗಿ ನೋಡಿಕೊಳ್ಳುವುದು ಅದು. ನಿಮಗಾಗಿ ನೀವೇ ಸರ್ವೇಯರ್ ಹಿಡಿಯಬೇಕು. ಆರ್‌ಐಸಿಎಸ್ ಅನ್ನುವ ವೃತ್ತಿಸಂಸ್ಥೆಯ ಸದಸ್ಯರು ಮೂರು ಮಟ್ಟದ ಸರ್ವೇ ಮಾಡುತ್ತಾರೆ. ಈಚಿನ ಸಾಧಾರಣ ಮನೆಗೆ ಎರಡನೇ ಮಟ್ಟ ಸಾಕು. ಹಳೆಯದಕ್ಕೆ, ಬದಲಾವಣೆ ಮಾಡಿದ್ದಕ್ಕೆ, ಲಿಸ್ಟೆಡ್‌ಗೆ ಮೂರನೆಯದೇ ಬೇಕು. ಇಲ್ಲಿ ಉಳಿಸಿದ ಐನೂರು ಪೌಂಡ್ ಆಮೇಲೆ ಐವತ್ತು ಸಾವಿರವಾಗಿ ಕಾಡಬಹುದು.

ಹಳೇ ತೊಲೆ ಮನೆಗಳ ಗೋಡೆ ನಮ್ಮ ತಡಿಕೆ ಗೋಡೆಯ ದಾಯಾದಿ. ಕಡ್ಡಿ ಹೆಣೆದು, ಮಣ್ಣು ಮೆತ್ತಿ, ಮೇಲೆ ಸುಣ್ಣದ ಗಾರೆ. ಅದು ತೇವ ಹೀರಿ ತೇವ ಬಿಡುತ್ತದೆ. ಯಾರೋ ಪುಣ್ಯಾತ್ಮರು ಮೇಲೆ ಸಿಮೆಂಟ್ ಬಳಿದಿದ್ದರೆ ತೇವ ಒಳಗೇ ಸಿಕ್ಕಿ ತೊಲೆ ಕೊಳೆಯುತ್ತದೆ. ಹೊರಗೆ ಹೊಸ ಬಣ್ಣ, ಒಳಗೆ ಲಡ್ಡು. ಹೀಗಾಗಿ ಸರ್ವೇಯರ್‌ಗೆ ಎರಡೇ ಪ್ರಶ್ನೆ ಕೇಳಿ: ಈ ಬಗೆಯ ಮನೆ ನೋಡಿ ಅನುಭವ ಇದೆಯೇ? ಗೋಡೆಯಲ್ಲಿ ಸುಣ್ಣವೋ ಸಿಮೆಂಟೋ? ವರದಿ ಬಂದ ಮೇಲೆ ಅದರಲ್ಲಿನ ಕೆಂಪು ಗುರುತುಗಳಿಗೆಲ್ಲ ಹೆದರಬೇಡಿ. ಫೋನ್ ಮಾಡಿ 'ನೀವಾಗಿದ್ದರೆ ಕೊಳ್ಳುತ್ತಿದ್ದಿರಾ?' ಅಂತ ಕೇಳಿ. ಬರಹದಲ್ಲಿ ಹೇಳದ್ದನ್ನು ಮಾತಿನಲ್ಲಿ ಹೇಳುತ್ತಾರೆ.

8. ಕಾಗದಪತ್ರ

ಸಬ್ ರಿಜಿಸ್ಟ್ರಾರ್ ಕಚೇರಿ, ಹೆಬ್ಬೆಟ್ಟು ಯಾವುದೂ ಇಲ್ಲ. ನಿಮ್ಮ ಪರವಾಗಿ ಸಾಲಿಸಿಟರ್ ಅಥವಾ ಕನ್ವೇಯನ್ಸರ್ ಎಲ್ಲ ಮಾಡುತ್ತಾರೆ. ಬರೀ ಆಸ್ತಿ ವರ್ಗಾವಣೆ ಮಾಡಲು ಪರವಾನಗಿ ಪಡೆದವರು ಕನ್ವೇಯನ್ಸರ್. ನಮ್ಮ ಇ.ಸಿ., ಖಾತೆಯ ಕೆಲಸವನ್ನೆಲ್ಲ ಲ್ಯಾಂಡ್ ರಿಜಿಸ್ಟ್ರಿಯ ಒಂದು ದಾಖಲೆ ಮಾಡುತ್ತದೆ. ಜೊತೆಗೆ ಕೌನ್ಸಿಲ್, ಒಳಚರಂಡಿ, ಪರಿಸರದ ಬಗ್ಗೆ 'ಸರ್ಚ್' ಮಾಡಿಸುತ್ತಾರೆ. 'ಚಾನ್ಸೆಲ್ ರಿಪೇರಿ' ಅಂತೊಂದು ಸಾಲು ಕಂಡರೆ ಗಾಬರಿಯಾಗಬೇಡಿ. ಕೆಲವು ಹಳೇ ಜಮೀನುಗಳ ಮೇಲೆ ಊರ ಚರ್ಚಿನ ರಿಪೇರಿ ಖರ್ಚು ಕೊಡುವ ಹೊಣೆ ಶತಮಾನಗಳಿಂದ ಇದೆ. ಅದಕ್ಕೆ ಸಣ್ಣ ವಿಮೆ ಸಿಗುತ್ತದೆ.

ಇಬ್ಬರು ಸೇರಿ ಕೊಳ್ಳುವಾಗ ಎರಡು ದಾರಿ. 'ಜಾಯಿಂಟ್ ಟೆನೆಂಟ್ಸ್' ಆದರೆ ಒಬ್ಬರು ತೀರಿಕೊಂಡಾಗ ಮನೆ ತಾನಾಗಿ ಇನ್ನೊಬ್ಬರದು. 'ಟೆನೆಂಟ್ಸ್ ಇನ್ ಕಾಮನ್' ಆದರೆ ಪಾಲು ಬೇರೆ ಬೇರೆ, ಉಯಿಲಿನಂತೆ ಹೋಗುತ್ತದೆ. ಒಬ್ಬರ ತವರಿನಿಂದ ದೊಡ್ಡ ಹಣ ಬಂದಿದ್ದರೆ ಎರಡನೆಯದನ್ನು ಸಂಕೋಚವಿಲ್ಲದೆ ಚರ್ಚಿಸಿ.

9. ಎಕ್ಸ್‌ಚೇಂಜ್, ಕಂಪ್ಲೀಷನ್, ಬೀಗದ ಕೈ

ಎರಡೂ ಕಡೆಯ ಸಾಲಿಸಿಟರ್‌ಗಳು ಸಹಿಯಾದ ಕರಾರು ಬದಲಾಯಿಸಿಕೊಳ್ಳುವುದು 'ಎಕ್ಸ್‌ಚೇಂಜ್'. ಕಟ್ಟುಪಾಡು ಬರುವುದು ಆ ಗಳಿಗೆಯಿಂದ. ಸಾಮಾನ್ಯವಾಗಿ ಶೇ 10 ಕಟ್ಟುತ್ತೀರಿ, ಆಮೇಲೆ ಹಿಂದೆ ಸರಿದರೆ ಅದು ಹೋಯಿತು. ಕಟ್ಟಡ ವಿಮೆಯನ್ನು ಅವತ್ತಿನಿಂದಲೇ ಮಾಡಿಸಿ, ಬೀಗದ ಕೈ ಸಿಗುವವರೆಗೆ ಕಾಯಬೇಡಿ. ಉಳಿದ ಹಣ ಹೋಗಿ ಮನೆ ಕೈಗೆ ಬರುವ ದಿನ 'ಕಂಪ್ಲೀಷನ್'. ಅಲ್ಲಿಂದ 14 ದಿನದೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು.

ಎಚ್ಚರ: 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಎಂದು ಸಾಲಿಸಿಟರ್ ಹೆಸರಲ್ಲಿ ಈಮೇಲ್ ಬಂದರೆ ಮೋಸವೆಂದೇ ತಿಳಿಯಿರಿ. ಈಮೇಲ್‌ನಲ್ಲಿರುವ ನಂಬರಿಗಲ್ಲ, ನೀವು ಮೊದಲ ದಿನ ಬರೆದುಕೊಂಡ ನಂಬರಿಗೆ ಫೋನ್ ಮಾಡಿ. ಮೊದಲು ಒಂದು ಪೌಂಡ್ ಕಳಿಸಿ, ಬಂತೇ ಅಂತ ಕೇಳಿ, ಆಮೇಲೆ ಉಳಿದದ್ದು.

10. ಹಾಲುಕ್ಕಿಸಿದ ಮೇಲೆ

ಹಾಲುಕ್ಕಿಸುವ ಮೊದಲು ಹೊಗೆ ಅಲಾರಂ ಎಲ್ಲಿದೆ ನೋಡಿಕೊಳ್ಳಿ. ಹೋಮ ಮಾಡಿಸುವವರು ಇನ್ನೂ ಜಾಸ್ತಿ ನೋಡಿಕೊಳ್ಳಿ.

ಮೊದಲ ದಿನವೇ ಮೀಟರುಗಳ ಫೋಟೋ ತೆಗೆಯಿರಿ. ಕೌನ್ಸಿಲ್ ಟ್ಯಾಕ್ಸ್‌ಗೆ, ಮತದಾರರ ಪಟ್ಟಿಗೆ ಹೊಸ ವಿಳಾಸ ಕೊಡಿ. ಲ್ಯಾಂಡ್ ರಿಜಿಸ್ಟ್ರಿಯ 'ಪ್ರಾಪರ್ಟಿ ಅಲರ್ಟ್'ಗೆ ಹೆಸರು ಸೇರಿಸಿ. ನಿಮ್ಮ ಮನೆಯ ದಾಖಲೆಯನ್ನು ಯಾರಾದರೂ ಮುಟ್ಟಲು ಹೋದರೆ ಈಮೇಲ್ ಬರುತ್ತದೆ, ಪುಕ್ಕಟೆ. ಮನೆಗೆ ನೀರು ಬರುವ ಮುಖ್ಯ ನಲ್ಲಿ ಎಲ್ಲಿದೆ ಅಂತ ಹುಡುಕಿ, ತಿರುಗಿಸಿ ನೋಡಿ. ಹಳೇ ಮನೆಗಳಲ್ಲಿ ಅದು ಸಿಂಕಿನ ಕೆಳಗೂ ಇರುತ್ತದೆ, ಮೆಟ್ಟಿಲ ಕೆಳಗೂ ಇರುತ್ತದೆ.

ಇದು ಯಾಕೆ ಮುಖ್ಯ ಅಂದರೆ, ನಾವು ಊರಿಗೆ ಹೋಗುವುದು ಡಿಸೆಂಬರ್‌ನಲ್ಲಿ, ಐದಾರು ವಾರಕ್ಕೆ. ಇಲ್ಲಿ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುವುದೂ ಆಗಲೇ. ಮನೆ 30 ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ಆ ನಷ್ಟ ಕೊಡುವುದಿಲ್ಲ ಎಂಬ ಷರತ್ತು ಬಹಳ ವಿಮೆಗಳಲ್ಲಿದೆ. ಟಿಕೆಟ್ ಬುಕ್ ಮಾಡಿದ ದಿನವೇ ವಿಮೆ ಕಂಪನಿಗೆ ತಿಳಿಸಿ. ಹೀಟಿಂಗನ್ನು ಪೂರ್ತಿ ಆರಿಸಬೇಡಿ, ಸಣ್ಣಗೆ ಇಟ್ಟು ಹೋಗಿ. ಪಕ್ಕದ ಮನೆಯವರಿಗೆ ಒಂದು ಬೀಗದ ಕೈ ಕೊಟ್ಟು, ವಾರಕ್ಕೊಮ್ಮೆ ಒಳಗೆ ನೋಡಿ ಅಂತ ಕೇಳಿಕೊಳ್ಳಿ. ಬರುವಾಗ ಅವರಿಗೊಂದು ಡಬ್ಬಿ ಮೈಸೂರು ಪಾಕ್.